ಓದಿ ಕಾಂಬ

ಮಳೆಗಾಲದ ಬೆಳಗು. ಉಪ್ಪುಂದದಲ್ಲಿ ಬಸ್ಸನ್ನೇರಿ ಕುಂದಾಪುರಕ್ಕೆ ಹೊರಟ ಹುಡುಗಿಗೆ ಅದೃಷ್ಟವಶಾತ್ ಕಿಟಕಿಯ ಪಕ್ಕದಲ್ಲಿಯೇ ಸ್ಥಳ ದೊರೆತಿದೆ. ಮರವಂತೆಯಲ್ಲಿ ರಸ್ತೆಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ ಭೋರ್ಗರೆಯುತ್ತದೆ. ಇನ್ನೊಂದು ಮಗ್ಗುಲಿಗೆ ಸೌಪರ್ಣಿಕೆ ಕೆಂಪು ನೀರು ತುಂಬಿಕೊಂಡು ಸದ್ದಿಲ್ಲದೆ ಹರಿಯುತ್ತದೆ. ದೂರದೂರದಿಂದ ಬಂದವರು ವಾಹನ ನಿಲ್ಲಿಸಿ ಕಣ್ತುಂಬ ನೋಡಿ ಹೋಗುವ ಸ್ಥಳ ಅದು. ಆದರೆ ಆ ಹುಡುಗಿಯ ದೃಷ್ಟಿ ಕಡಲಿನ ಕಡೆಗೂ ಇಲ್ಲ, ಹೊಳೆಯ ಕಡೆಗೂ ಇಲ್ಲ. ಮಡಿಲಿನ ಮೇಲಿರುವ ಚೀಲವನ್ನು ಎರಡು ಕೈಗಳಿಂದಲೂ ಅಪ್ಪಿಕೊಂಡು, ಅದರೊಳಗೆ ಯಾವುದೋ ಅಪಾಯದ ವಸ್ತುವಿದೆಯೋ ಎಂಬಂತೆ ಆಕೆ ಕುಳಿತಿದ್ದಾಳೆ.

ಚೀಲದಲ್ಲಿರುವುದು ಬೇರೇನೂ ಅಲ್ಲ, ಪ್ರಥಮ ಪಿ.ಯು.ಸಿ. ತರಗತಿಯ ಜೀವಶಾಸ್ತ್ರದ ಪುಸ್ತಕ. ಅದು ಇಂಗ್ಲೀಷಿನಲ್ಲಿದೆ. ಅದರ ಪಕ್ಕದಲ್ಲಿಯೇ ನಾಲ್ಕಾಗಿ ಮಡಿಸಿದ ಒಂದು ಅರ್ಜಿಯೂ ಇದೆ. ವಿಜ್ಞಾನ ವಿಭಾಗವನ್ನು ಬಿಟ್ಟು ಬೇರೆ ವಿಭಾಗಕ್ಕೆ ಸೇರಿಸಿಕೊಳ್ಳಬೇಕೆಂದು ಪ್ರಾಂಶುಪಾಲರನ್ನು ಬೇಡಿಕೊಳ್ಳುವ ಅರ್ಜಿ. ತಾಯಿಯ ಸಹಿಯೊಂದು ಬಿದ್ದರೆ ಕೆಲಸ ಮುಗಿಯಿತು.

ಆಕೆ ದಡ್ಡಿಯಲ್ಲ. ಹತ್ತನೆಯ ತರಗತಿಯವರೆಗೂ ಕನ್ನಡ ಮಾಧ್ಯಮದಲ್ಲಿ ಓದಿ, ಶಾಲೆಯವರೂ ನೆರೆಹೊರೆಯವರೂ ಮೆಚ್ಚುವಷ್ಟು ಅಂಕಗಳನ್ನು ಪಡೆದವಳು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಉಡುಪಿ ಜಿಲ್ಲೆ ಮೇಲಿನ ಸಾಲಿನಲ್ಲಿ ನಿಲ್ಲುವುದು ವಾಡಿಕೆ. 2024ರಲ್ಲಿ ರಾಜ್ಯಕ್ಕೇ ಮೊದಲನೆಯದಾಗಿತ್ತು. ಅಂಥ ಜಿಲ್ಲೆಯಲ್ಲಿ ಮೆಚ್ಚುಗೆ ಗಳಿಸುವುದು ಸುಲಭದ ಮಾತಲ್ಲ. ವಾಣಿಜ್ಯಶಾಸ್ತ್ರವಾಗಲಿ ಕಲಾವಿಭಾಗವಾಗಲಿ ವಿಜ್ಞಾನಕ್ಕಿಂತ ಕೀಳೆಂದು ಹೇಳುವಂತಿಲ್ಲ. ಆದರೆ ಇಷ್ಟಪಟ್ಟು ಒಂದು ದಾರಿಯನ್ನು ಹಿಡಿಯುವುದು ಬೇರೆ, ಹೆದರಿ ಇನ್ನೊಂದು ದಾರಿಗೆ ಹೊರಳುವುದು ಬೇರೆ. ಗಿಡಮರಗಳ ವಿಷಯದಲ್ಲಿ ಚಿಕ್ಕಂದಿನಿಂದಲೂ ಆಸೆಯಿದ್ದ ಹುಡುಗಿ ಹದಿನಾರನೆಯ ವಯಸ್ಸಿನಲ್ಲಿಯೇ ಆ ಆಸೆಗೆ ತಿಲಾಂಜಲಿ ಕೊಡಲು ಸಿದ್ಧಳಾದದ್ದೇಕೆ?

ಕಾರಣ ಬಹಳ ಚಿಕ್ಕದು. ಕಾಲೇಜು ತೆರೆದ ಮೊದಲ ವಾರದಲ್ಲಿ ಉಪನ್ಯಾಸಕರು ಆಕೆಯನ್ನು ಎಬ್ಬಿಸಿ ಪಾಠದ ಒಂದು ಭಾಗವನ್ನು ಗಟ್ಟಿಯಾಗಿ ಓದಲು ಹೇಳಿದರು. ನಾಲ್ಕು ಸಾಲು ಹೇಗೋ ಸಾಗಿತು. ಐದನೆಯ ಸಾಲಿನಲ್ಲಿ ಸಸ್ಯವರ್ಗವೊಂದರ ಹೆಸರು ಎದುರಾಯಿತು. ಬರೆದಿರುವ ಅಕ್ಷರಗಳನ್ನೆಲ್ಲ ಪ್ರಾಮಾಣಿಕವಾಗಿ ಕೂಡಿಸಿ ಆಕೆ ‘ಪ್ಟೆರಿಡೊಫೈಟ’ ಎಂದಳು. ಇಡೀ ತರಗತಿ ಗೊಳ್ಳೆಂದಿತು. ಮೊದಲ ಅಕ್ಷರವನ್ನು ನುಂಗಿ ‘ಟೆರಿಡೊಫೈಟ’ ಎನ್ನಬೇಕಂತೆ. ಬರೆದದ್ದನ್ನು ಬರೆದಂತೆಯೇ ಓದಬೇಕೆಂಬುದು ಕನ್ನಡದ ಮಗು ಮೊದಲ ದಿನದಿಂದ ಕಲಿತ ಧರ್ಮ. ಬರೆದ ಮೇಲೆ ಉಚ್ಚರಿಸದೆ ಬಿಡುವ ಅಕ್ಷರವೂ ಲೋಕದಲ್ಲಿರಬಹುದೆಂದು ಆ ಹುಡುಗಿಗೆ ಹೊಳೆಯದಿದ್ದರೆ ಅದು ಅಪರಾಧವೇ? ವಿಚಿತ್ರವೆಂದರೆ, ಆ ಹೆಸರಿನ ಗಿಡಗಳು ಆಕೆಗೆ ಅಪರಿಚಿತವಲ್ಲ. ಮನೆಯ ಹಿಂದಿನ ಬಾವಿಯ ಮುರಕಲ್ಲಿನ ಸಂದುಗಳಲ್ಲಿ ಮಳೆ ಬಿದ್ದೊಡನೆ ಹಸುರಾಗಿ ಸುರುಳಿ ಬಿಚ್ಚುವ ಜರಿಗಿಡಗಳೇ ಅವು. ಗಿಡ ಗೊತ್ತಿತ್ತು, ಹೆಸರು ಗೊತ್ತಿರಲಿಲ್ಲ. ಅಂದಿನಿಂದ ಪುಸ್ತಕ ತೆರೆದರೆ ಆಕೆಗೆ ಅಕ್ಷರಗಳು ಕಾಣಿಸುವುದಿಲ್ಲ, ನಗು ಕೇಳಿಸುತ್ತದೆ. ಸಂಜೆ ತಾಯಿಯ ಮುಂದೆ ಆಕೆ ಹೇಳಿದ ಮಾತು ಒಂದೇ: “ನಂಗ್ ಇಂಗ್ಲೀಷ್ ಬತ್ತಿಲ್ಲೆ.”

ಬೈಂದೂರಿನಿಂದ ಬ್ರಹ್ಮಾವರದವರೆಗಿನ ಕರಾವಳಿಯಲ್ಲಿ ಪ್ರತಿವರ್ಷ ಮಳೆಗಾಲದ ಆರಂಭದಲ್ಲಿ ಈ ಮಾತು ಎಷ್ಟು ಮನೆಗಳಲ್ಲಿ ಕೇಳಿಬರುತ್ತದೆಯೋ! ಆಶ್ಚರ್ಯವೆಂದರೆ, ಹೀಗೆ ಹೇಳುವ ಮಕ್ಕಳು ಭಾಷೆಯ ವಿಷಯದಲ್ಲಿ ಬಡವರಲ್ಲ. ಮನೆಯಲ್ಲಿ ಕುಂದಗನ್ನಡ, ಶಾಲೆಯಲ್ಲಿ ಗ್ರಂಥಸ್ಥ ಕನ್ನಡ. ಇವೆರಡರ ನಡುವಣ ಅಂತರವೇ ಸಾಮಾನ್ಯವಲ್ಲ. ‘ಹೋಪ’, ‘ತಿಂಬ’, ‘ಕಾಂಬ’ ಎಂದು ಮನೆಯಲ್ಲಿ ಆಡಿದ ನಾಲಿಗೆ ಶಾಲೆಯ ಹೊಸ್ತಿಲಲ್ಲಿ ‘ಹೋಗೋಣ’, ‘ತಿನ್ನೋಣ’, ‘ನೋಡೋಣ’ ಎಂದು ಹೊರಳಬೇಕು. ಪೇಟೆಯ ಅಂಗಡಿಯಲ್ಲಿ ಕೊಂಕಣಿ ಕಿವಿಗೆ ಬೀಳುತ್ತದೆ. ಬ್ರಹ್ಮಾವರವನ್ನು ಸಮೀಪಿಸಿದಂತೆ ತುಳು ಬೆರೆಯುತ್ತದೆ. ಉರ್ದು ಮಾತನಾಡುವ ಮನೆಗಳೂ ಇವೆ. ಹಿಂದಿ ಪಾಠದಲ್ಲಿಯೂ ಚಲನಚಿತ್ರದಲ್ಲಿಯೂ ಬರುತ್ತದೆ. ಇಷ್ಟನ್ನೂ ಅರಗಿಸಿಕೊಂಡ ಮಗು ಇಂಗ್ಲೀಷಿನ ಮುಂದೆ ಮಾತ್ರ ತನಗೆ ಭಾಷೆಯೇ ಬಾರದೆಂದು ಕೈಚೆಲ್ಲುತ್ತದೆ. ಇಂಗ್ಲೀಷು ಅದಕ್ಕೆ ಹೊಸದೂ ಅಲ್ಲ. ಕರ್ನಾಟಕದ ಕನ್ನಡ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಯಿಂದಲೇ ಇಂಗ್ಲೀಷು ಒಂದು ವಿಷಯವಾಗಿ ಬಂದಿದೆ. ಆದರೆ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿ ಅಂಕ ಗಳಿಸುವುದಕ್ಕೂ, ಗೊತ್ತಿಲ್ಲದ ಪುಟವೊಂದನ್ನು ತಾನಾಗಿಯೇ ಓದಿ ಅರ್ಥಮಾಡಿಕೊಳ್ಳುವುದಕ್ಕೂ ಅಜಗಜಾಂತರ.

‘ಬತ್ತಿಲ್ಲೆ’ ಎಂಬ ಮಾತಿನಲ್ಲಿ ಎರಡು ಸಂಗತಿಗಳು ಬೆರೆತಿವೆ. ಒಂದು, ಈಗ ಬರುವುದಿಲ್ಲವೆಂಬುದು. ಇನ್ನೊಂದು, ಎಂದೆಂದಿಗೂ ಬರಲಾರದೆಂಬುದು. ಮೊದಲನೆಯದು ಲೆಕ್ಕ, ಎರಡನೆಯದು ತೀರ್ಪು. ಇವೆರಡರ ವ್ಯತ್ಯಾಸವನ್ನು ಶಾಸ್ತ್ರೀಯವಾಗಿ ಪರಿಶೀಲಿಸಿದವರಲ್ಲಿ ಆಲ್ಬರ್ಟ್ ಬಂಡೂರ ಪ್ರಮುಖರು. ಕೆನಡಾದಲ್ಲಿ ಹುಟ್ಟಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು 2021ರಲ್ಲಿ ತೀರಿಕೊಂಡರು. ಒಂದು ನಿರ್ದಿಷ್ಟ ಕೆಲಸವನ್ನು ತಾನು ಮಾಡಬಲ್ಲೆನೆಂಬ ನಂಬಿಕೆಯೇ ಮನುಷ್ಯನು ಆ ಕೆಲಸಕ್ಕೆ ಕೈಹಾಕುವನೋ ಇಲ್ಲವೋ, ಎಷ್ಟು ಶ್ರಮಿಸುವನು, ಸೋತಾಗ ಎಷ್ಟು ಹೊತ್ತು ನಿಲ್ಲುವನು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆಂದು 1977ರಲ್ಲಿ ಅವರು ಪ್ರತಿಪಾದಿಸಿದರು.

ಅವರ ಪ್ರಯೋಗಗಳಲ್ಲಿ ಹಾವಿನ ಭಯವಿದ್ದವರ ಮೇಲೆ ನಡೆಸಿದವು ಪ್ರಸಿದ್ಧವಾಗಿವೆ. ಮನೆಮನೆಗೂ ನಾಗಬನವಿರುವ ಈ ಕರಾವಳಿಯವರಿಗೆ ಅದರ ರುಚಿ ಬೇಗ ಹತ್ತಬಹುದು. ಹೆದರುವವರಿಗೆ ಅಲ್ಲಿ ಯಾರೂ ಧೈರ್ಯದ ಉಪದೇಶ ಮಾಡಲಿಲ್ಲ. ಮೊದಲು ದೂರದಿಂದ ನೋಡಲು ಹೇಳಿದರು. ಇನ್ನೊಬ್ಬರು ಹಾವನ್ನು ಹಿಡಿದುಕೊಂಡಿರುವುದನ್ನು ತೋರಿಸಿದರು. ಅನಂತರ ಕೈಚೀಲ ತೊಟ್ಟು ಮುಟ್ಟಲು, ಕೊನೆಗೆ ಬರಿಗೈಯಿಂದಲೇ ಹಿಡಿಯಲು ಕಲಿಸಿದರು. ಒಂದೊಂದು ಮೆಟ್ಟಿಲನ್ನು ಏರಿದಾಗಲೂ ಮುಂದಿನ ಮೆಟ್ಟಿಲಿನ ನಂಬಿಕೆ ತಾನಾಗಿ ಹುಟ್ಟಿತು. ನಂಬಿಕೆಯಿಂದ ಕೆಲಸ, ಕೆಲಸದಿಂದ ನಂಬಿಕೆ ಎಂದು ಒಂದಕ್ಕೊಂದು ಹೆಗಲು ಕೊಟ್ಟು ನಡೆದವು.

ಇಂಥ ನಂಬಿಕೆಗೆ ನಾಲ್ಕು ಮೂಲಗಳಿವೆಯೆಂದು ಬಂಡೂರರು ಗುರುತಿಸಿದರು. ತಾನೇ ಮಾಡಿ ಗೆದ್ದ ಅನುಭವ ಎಲ್ಲಕ್ಕಿಂತ ಬಲವಾದದ್ದು. ತನ್ನಂಥ ಇನ್ನೊಬ್ಬರು ಗೆದ್ದುದನ್ನು ಕಾಣುವುದು ಎರಡನೆಯದು. ವಿಶ್ವಾಸಕ್ಕೆ ಪಾತ್ರರಾದವರ ಪ್ರೋತ್ಸಾಹದ ಮಾತು ಮೂರನೆಯದು. ನಾಲ್ಕನೆಯದು ದೇಹಸ್ಥಿತಿ: ಎದೆ ಡವಗುಟ್ಟಿ ಬಾಯಿ ಒಣಗಿದಾಗ ಮನುಷ್ಯನು ಅದನ್ನೇ ತನ್ನ ಅಸಾಮರ್ಥ್ಯದ ಸಾಕ್ಷಿಯೆಂದು ತಿಳಿದುಬಿಡುತ್ತಾನೆ. ಉಪ್ಪುಂದದ ಹುಡುಗಿಯನ್ನು ಈ ನಾಲ್ಕು ಮೂಲಗಳಿಂದಲೂ ಅಳೆದು ನೋಡಿದರೆ, ಮೊದಲ ಪ್ರಯತ್ನದಲ್ಲಿಯೇ ಸೋಲು, ಎದುರಿಗೆ ಚೆನ್ನಾಗಿ ಓದುವ ಪೇಟೆಯ ಸಹಪಾಠಿಗಳು, ಪ್ರೋತ್ಸಾಹದ ಸ್ಥಳದಲ್ಲಿ ನಗು, ಡವಗುಟ್ಟುವ ಎದೆ! ನಾಲ್ಕು ಬಾಗಿಲುಗಳೂ ಒಂದೇ ಗಳಿಗೆಯಲ್ಲಿ ಮುಚ್ಚಿಹೋದುವು.

ಇದೇ ಊರುಗಳ ಹಿರಿಯರಿಗೆ ಈ ತತ್ವ ಬೇರೆ ಹೆಸರಿನಲ್ಲಿ ಗೊತ್ತಿರದೆ ಇರಲಿಲ್ಲ. ಬಡಗುತಿಟ್ಟಿನ ಯಕ್ಷಗಾನ ಮೇಳಕ್ಕೆ ಸೇರಿದ ಹುಡುಗನಿಗೆ ಯಾರೂ ಮೊದಲ ರಾತ್ರಿಯೇ ಕರ್ಣನ ವೇಷ ಕಟ್ಟುತ್ತಿರಲಿಲ್ಲ. ಕೋಡಂಗಿಯಾಗಿ ಕುಣಿದು, ಬಾಲಗೋಪಾಲನಾಗಿ ಹೆಜ್ಜೆ ಹಾಕಿ, ಚಿಕ್ಕ ಚಿಕ್ಕ ವೇಷಗಳನ್ನು ದಾಟಿಕೊಂಡೇ ಆತ ಮುಂದೆ ಬರಬೇಕು. ಕೋಡಂಗಿ ತಪ್ಪು ಹೆಜ್ಜೆ ಹಾಕಿದರೆ ಜನ ನಗುತ್ತಿದ್ದರು. ಆದರೆ ಆ ನಗು ವೇಷಕ್ಕೆ ಸಂದದ್ದು, ಹುಡುಗನಿಗೆ ಸಂದದ್ದಲ್ಲ. ಕಲಿಯುವವನಿಗೆ ತಪ್ಪಲು ಒಂದು ಸ್ಥಳವನ್ನು ರಂಗಸ್ಥಳವೇ ಮೀಸಲಿಟ್ಟಿತ್ತು. ಇಂಗ್ಲೀಷಿನ ತರಗತಿಯಲ್ಲಿ ಅಂಥ ಕೋಡಂಗಿಯ ಕಾಲವೇ ಇಲ್ಲ. ಬಂದವರೆಲ್ಲ ಮೊದಲ ದಿನವೇ ಎರಡನೆಯ ವೇಷದವರಾಗಬೇಕು.

ಹಾಗಾದರೆ ‘ನಿನ್ನಿಂದ ಸಾಧ್ಯ, ಧೈರ್ಯವಾಗಿರು’ ಎಂದು ಬೆನ್ನು ತಟ್ಟಿದರೆ ಸಾಕೇ? ಸಾಲದು. ಈಜು ಬಾರದವನನ್ನು ಬರೀ ಧೈರ್ಯ ತುಂಬಿ ಗಂಗೊಳ್ಳಿಯ ಅಳಿವೆಗೆ ಇಳಿಸಿದರೆ ಏನಾಗುವುದೆಂದು ಎಲ್ಲರಿಗೂ ಗೊತ್ತು. ಪರಭಾಷೆಯ ಓದಿನಲ್ಲಿ ತೊಡಕು ಓದಿನದೋ ಭಾಷೆಯದೋ ಎಂಬ ಪ್ರಶ್ನೆಯನ್ನು ಆಂಗ್ಲ ವಿದ್ವಾಂಸ ಚಾರ್ಲ್ಸ್ ಆಲ್ಡರ್ಸನ್ 1984ರಲ್ಲಿಯೇ ಎತ್ತಿದ್ದರು. ತನ್ನ ಭಾಷೆಯಲ್ಲಿ ಚೆನ್ನಾಗಿ ಓದಬಲ್ಲವರ ಜಾಣ್ಮೆ ಪರಭಾಷೆಯಲ್ಲಿ ಕೆಲಸಕ್ಕೆ ಬರಬೇಕಾದರೆ ಆ ಭಾಷೆಯ ಪರಿಚಯ ಒಂದು ಮಟ್ಟಕ್ಕೆ ಮುಟ್ಟಿರಬೇಕು ಎಂಬ ಕಡೆಗೆ ಸಾಕ್ಷ್ಯಗಳು ವಾಲಿದುವು.

ಆ ಮಟ್ಟ ಯಾವುದು? ಹೂ ಮತ್ತು ಪಾಲ್ ನೇಷನ್ ಎಂಬಿಬ್ಬರು ಸಂಶೋಧಕರು 2000ದಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದಕ್ಕೆ ಉತ್ತರ ಕೊಡುತ್ತದೆ. ಪುಟದ ಮಾತುಗಳಲ್ಲಿ ನೂರಕ್ಕೆ ಎಂಬತ್ತು ಮಾತ್ರ ಗೊತ್ತಿದ್ದವರಲ್ಲಿ ಒಬ್ಬರಿಗೂ ಕಥೆ ಸಾಕಷ್ಟು ತಿಳಿಯಲಿಲ್ಲ. ಯಾರ ನೆರವೂ ಇಲ್ಲದೆ ಸಲೀಸಾಗಿ ಓದಲು ನೂರಕ್ಕೆ ಸುಮಾರು ತೊಂಬತ್ತೆಂಟು ಮಾತುಗಳು ಗೊತ್ತಿರಬೇಕೆಂದು ಅವರು ತೀರ್ಮಾನಿಸಿದರು. ಮುನ್ನೂರು ಮಾತುಗಳ ಪುಟವೊಂದನ್ನು ತೆಗೆದುಕೊಳ್ಳಿ. ನೂರಕ್ಕೆ ತೊಂಬತ್ತೆಂಟು ಗೊತ್ತಿದ್ದರೆ ಎಡರುವುದು ಆರು ಸಲ. ತೊಂಬತ್ತು ಗೊತ್ತಿದ್ದರೆ ಮೂವತ್ತು ಸಲ. ‘ನೂರಕ್ಕೆ ತೊಂಬತ್ತು’ ಎಂಬುದು ಅಂಕಪಟ್ಟಿಯಲ್ಲಿ ಹೆಮ್ಮೆಯ ಮಾತು. ಓದಿನಲ್ಲಿ ಮಾತ್ರ ಹೆಜ್ಜೆಹೆಜ್ಜೆಗೂ ಕಲ್ಲೆಡವುವ ದಾರಿ. ಒಂದೇ ಪುಟದಲ್ಲಿ ಮೂವತ್ತು ಸಲ ಎಡವಿದವಳು ತನಗೆ ನಡೆಯಲು ಬಾರದೆಂದು ತಿಳಿದರೆ ತಪ್ಪು ಅವಳದಲ್ಲ.

ಈ ಮರ್ಮವನ್ನು ಬಹಳ ಹಿಂದೆಯೇ ಭಾರತದ ನೆಲದಲ್ಲಿ ಕಂಡುಕೊಂಡ ಒಬ್ಬರಿದ್ದರು. ಢಾಕಾದಲ್ಲಿ ವಿದ್ಯಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟ್ ಎಂಬ ಆಂಗ್ಲರು ಬಂಗಾಳದ ಹುಡುಗರು ಇಂಗ್ಲೀಷ್ ಪುಸ್ತಕಗಳ ಮುಂದೆ ಪಡುತ್ತಿದ್ದ ಕಷ್ಟವನ್ನು ನೋಡಿ, 1920ರ ದಶಕದಲ್ಲಿ ಹೊಸ ಬಗೆಯ ವಾಚನ ಪುಸ್ತಕಗಳನ್ನು ರಚಿಸಿದರು. ಅಪರೂಪದ ಮಾತುಗಳನ್ನು ತೆಗೆದು ಬಳಕೆಯ ಮಾತುಗಳನ್ನಿಡುವುದು, ಹೊಸ ಮಾತುಗಳನ್ನು ಒಂದೊಂದಾಗಿ ವಿರಳವಾಗಿ ತರುವುದು, ತಂದದ್ದನ್ನು ಮತ್ತೆ ಮತ್ತೆ ಬಳಸುವುದು, ಇಷ್ಟೇ ಅವರ ಉಪಾಯ. ಮುಂದೆ 1980ರ ದಶಕದ ಆರಂಭದಲ್ಲಿ ಫಿಜಿ ದ್ವೀಪಗಳ ಹಳ್ಳಿಶಾಲೆಗಳಲ್ಲಿ ಎಲೆ ಮತ್ತು ಮಂಗುಭಾಯಿ ಎಂಬವರು ಇನ್ನೊಂದು ಪ್ರಯೋಗ ಮಾಡಿದರು. ತರಗತಿಗೆ ಸುಮಾರು 250ರಂತೆ ಚಿತ್ರವುಳ್ಳ, ಸುಲಭವಾದ ಇಂಗ್ಲೀಷ್ ಕಥಾಪುಸ್ತಕಗಳನ್ನು ಒದಗಿಸಿ ಮಕ್ಕಳು ಸಂತೋಷಕ್ಕಾಗಿ ಓದುವಂತೆ ಮಾಡಿದರು. ಬರಿಯ ಪಠ್ಯಪುಸ್ತಕವನ್ನೇ ನಂಬಿದ ಮಕ್ಕಳಿಗಿಂತ ಅವರ ಓದು ಬಹಳ ವೇಗವಾಗಿ ಮುಂದುವರಿಯಿತು.

ಚೆನ್ನಾಗಿ ಓದುವವನು ಹೆಚ್ಚು ಓದುತ್ತಾನೆ, ಹೆಚ್ಚು ಓದಿ ಇನ್ನೂ ಚೆನ್ನಾಗಿ ಓದುತ್ತಾನೆ. ಓದಲಾರದವನು ಓದನ್ನು ತಪ್ಪಿಸಿಕೊಂಡು ಇನ್ನಷ್ಟು ಹಿಂದೆ ಬೀಳುತ್ತಾನೆ ಎಂದು 1986ರಲ್ಲಿ ಕೀತ್ ಸ್ಟ್ಯಾನೊವಿಚ್ ವಿವರಿಸಿದರು. ಉಳ್ಳವನಿಗೆ ಇನ್ನಷ್ಟು, ಇಲ್ಲದವನಿಂದ ಇದ್ದದ್ದೂ ಹೋಗುವ ಲೋಕನ್ಯಾಯ ಅಕ್ಷರಕ್ಕೂ ಅನ್ವಯಿಸುತ್ತದೆಯೆಂದಾಯಿತು. ಆದುದರಿಂದ ನಂಬಿಕೆಯೂ ಬೇಕು, ನಂಬಿಕೆಯನ್ನು ಸುಳ್ಳಾಗಿಸದಂಥ ಪುಟವೂ ಬೇಕು.

ಭಾನುವಾರ ಹುಡುಗಿ ತಾಯಿಯೊಡನೆ ಬ್ರಹ್ಮಾವರಕ್ಕೆ ಹೋದಳು. ಅಲ್ಲಿ ತಾಯಿಯ ತಂಗಿ ಇದ್ದಾರೆ; ಸರಕಾರಿ ಶಾಲೆಗಳಲ್ಲಿ ಬಹುಕಾಲ ಇಂಗ್ಲೀಷ್ ಕಲಿಸಿ ನಿವೃತ್ತರಾದವರು. ಅರ್ಜಿಗೆ ಸಹಿ ಹಾಕುವ ಮೊದಲು ತಂಗಿಯ ಮಾತೊಂದು ಕೇಳೋಣವೆಂಬುದು ತಾಯಿಯ ಹಂಬಲ.

“ಚಿಕ್ಕಿ, ನಂಗ್ ಇಂಗ್ಲೀಷ್ ಬತ್ತಿಲ್ಲೆ. ನಾನ್ ಸಾಯನ್ಸ್ ಬಿಡ್ತೆ.”

“ಬತ್ತಿಲ್ಲೆ ಅಂದೇಳಿ ಹೇಳದ್ ಯಾರ್ ಮಗಾ?”

ಹುಡುಗಿ ಸುಮ್ಮನಾದಳು. ಯಾರೂ ಹೇಳಿರಲಿಲ್ಲ, ತಾನೇ ಹೇಳಿಕೊಂಡಿದ್ದಳು.

ಚಿಕ್ಕಿ ಉಪದೇಶ ಮಾಡಲಿಲ್ಲ. ಕಪಾಟಿನಿಂದ ಒಂದು ಪುಸ್ತಕವನ್ನು ತೆಗೆದು ಮುಂದಿಟ್ಟರು. ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕ, ಆದರೆ ಇಂಗ್ಲೀಷ್ ಮಾಧ್ಯಮದ್ದು. ಕನ್ನಡ ಮಾಧ್ಯಮದ ಪುಸ್ತಕ ಇದರದೇ ಅನುವಾದ. ಅವರು ತೆರೆದುಕೊಟ್ಟದ್ದು ‘ಜೀವಕ್ರಿಯೆಗಳು’ ಎಂಬ ಪಾಠವನ್ನು. ಹುಡುಗಿ ಅದನ್ನು ಪರೀಕ್ಷೆಗಾಗಿ ಎಷ್ಟು ಸಲ ಓದಿದ್ದಳೆಂದರೆ ಯಾವ ಚಿತ್ರ ಯಾವ ಮಗ್ಗುಲಲ್ಲಿದೆಯೆಂಬುದೂ ನೆನಪಿತ್ತು.

“ಗಟ್ಟಿ ಓದುದ್ ಬ್ಯಾಡ. ಮನಸ್ಸಲ್ಲೇ ಓದ್. ಗೊತ್ತಿಲ್ದಿದ್ ಶಬ್ದಕ್ಕೆ ಪೆನ್ಸಿಲಲ್ಲಿ ಒಂದ್ ಚುಕ್ಕಿ ಇಡ್. ಬತ್ತಾ ಬತ್ತಿಲ್ಲ್ಯಾ ಅಂಬುದ್ ಆಮೇಲೆ. ಈಗ ಓದಿ ಕಾಂಬ.”

‘ಓದಿ ಕಾಂಬ’ ಎಂದರೆ ಓದಿ ನೋಡೋಣ ಎಂದರ್ಥ. ಗೆಲ್ಲುವೆನೆಂಬ ಜಂಬ ಅದರಲ್ಲಿಲ್ಲ, ಸೋಲುವೆನೆಂಬ ಅಳುಕೂ ಇಲ್ಲ. ತೀರ್ಪನ್ನು ಮುಂದಕ್ಕೆ ಹಾಕಿ ಕೆಲಸವನ್ನು ಕೈಗೆತ್ತಿಕೊಳ್ಳುವ ಮಾತು ಅದು. ಬಂಡೂರರ ಸಿದ್ಧಾಂತದ ಬಹುಭಾಗ ಕುಂದಾಪುರದ ಎರಡೇ ಮಾತುಗಳಲ್ಲಿ ಅಡಗಿ ಕುಳಿತಂತಿದೆ.

ಹುಡುಗಿ ಓದತೊಡಗಿದಳು. ಒಂದು ಪುಟ ಮುಗಿಯಲು ಅರ್ಧ ಗಂಟೆ ಹಿಡಿಯಿತು. ಇಪ್ಪತ್ತಾರು ಚುಕ್ಕಿಗಳು ಬಿದ್ದಿದ್ದುವು. ಆದರೆ ಸಂಗತಿ ಮೊದಲೇ ತಿಳಿದಿದ್ದುದರಿಂದ ಚುಕ್ಕಿ ಬಿದ್ದ ಮಾತುಗಳಲ್ಲಿ ಅನೇಕವು ತಾವಾಗಿಯೇ ಬಾಯಿಬಿಟ್ಟುವು. ‘ಫೋಟೋಸಿಂಥೆಸಿಸ್’ ಎಂದರೆ ದ್ಯುತಿಸಂಶ್ಲೇಷಣೆಯಲ್ಲದೆ ಬೇರೇನಾಗಿರಲು ಸಾಧ್ಯ? ಕನ್ನಡದಲ್ಲಿ ಕಲಿತದ್ದು ವ್ಯರ್ಥವಾಯಿತೆಂದು ಆಕೆ ತಿಳಿದಿದ್ದಳು. ಅದೇ ಈಗ ದೋಣಿಯಾಗಿ ಬಂದಿತು. ನಿಘಂಟನ್ನು ನೋಡಬೇಕಾದ ಮಾತುಗಳು ಕೊನೆಗೆ ಉಳಿದದ್ದು ಹತ್ತು.

ಊಟವಾದ ಮೇಲೆ ಚಿಕ್ಕಿ ಇನ್ನೊಂದು ಮಾತು ಹೇಳಿದರು. ಬ್ರಹ್ಮಾವರಕ್ಕೆ ಬರುವಾಗ ಬಸ್ಸು ಕೋಟವನ್ನು ಹಾದು ಬಂತಲ್ಲವೇ? 1902ರಲ್ಲಿ ಅಲ್ಲಿ ಹುಟ್ಟಿದ ಶಿವರಾಮ ಕಾರಂತರು ಗಾಂಧೀಜಿಯ ಅಸಹಕಾರದ ಕರೆಗೆ ಓಗೊಟ್ಟು ಕಾಲೇಜನ್ನೇ ಬಿಟ್ಟವರು. ಪದವಿಯಿಲ್ಲದ ಆ ಮನುಷ್ಯ ಇಂಗ್ಲೀಷ್ ಗ್ರಂಥಗಳನ್ನು ತಾವಾಗಿಯೇ ಓದಿ ಅರಗಿಸಿಕೊಂಡು ಕನ್ನಡದ ಮಕ್ಕಳಿಗೆ ‘ಬಾಲಪ್ರಪಂಚ’ವನ್ನೂ ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ವನ್ನೂ ಕೊಟ್ಟರು. ಉಪ್ಪುಂದದಿಂದ ಹೊರಟ ಬಸ್ಸು ದಾಟುವ ಊರುಗಳ ಒಳಗೇ ಇರುವ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಕನ್ನಡದ ನವ್ಯಕಾವ್ಯಕ್ಕೆ ಹೆಸರಾದರು. ಕಾಲೇಜಿನಲ್ಲಿ ಅವರು ಕಲಿಸುತ್ತಿದ್ದುದು ಇಂಗ್ಲೀಷನ್ನು. ಕುಂದಾಪುರದಲ್ಲಿಯೇ ಹುಟ್ಟಿ ಅಲ್ಲಿನ ಭಂಡಾರ್ಕಾರ್ಸ್ ಕಾಲೇಜಿನಲ್ಲಿ ಓದಿದ ವೈದೇಹಿಯವರು ಮನೆಮಾತನ್ನು ಕಥೆಗಳಲ್ಲಿ ಮೆರೆಸಿದ್ದಲ್ಲದೆ ಇಂಗ್ಲೀಷ್ ಕೃತಿಗಳನ್ನು ಕನ್ನಡಕ್ಕೂ ತಂದರು. ಹೋಪ, ಬಪ್ಪ ಎನ್ನುವ ನಾಲಿಗೆಗೂ ಇಂಗ್ಲೀಷಿನ ಓದಿಗೂ ಹಗೆತನವಿಲ್ಲ.

ಹುಡುಗಿ ತಲೆಯಾಡಿಸಿದಳಾದರೂ ಆಕೆಯ ಮುಖದಲ್ಲಿ ಬೆಳಕು ಕಾಣಲಿಲ್ಲ. ಅವರೆಲ್ಲ ದೊಡ್ಡವರು, ದೊಡ್ಡವರ ಕಥೆ ಭಕ್ತಿಯನ್ನು ಹುಟ್ಟಿಸುತ್ತದೆಯೇ ಹೊರತು ನಂಬಿಕೆಯನ್ನು ಹುಟ್ಟಿಸಲೇಬೇಕೆಂದಿಲ್ಲ. ಆಗ ಚಿಕ್ಕಿ ನಕ್ಕು ಒಳಗೆ ಹೋಗಿ, ತಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಬಿಟ್ಟುಹೋದ ನೋಟುಪುಸ್ತಕವನ್ನು ತಂದರು. ಆಕೆಯೂ ಕನ್ನಡ ಮಾಧ್ಯಮದವಳೇ. ಈಗ ಮಂಗಳೂರಿನಲ್ಲಿ ದಾದಿಯಾಗಿದ್ದಾಳೆ. ಮೊದಲ ಪುಟಗಳಲ್ಲಿ ಪ್ರತಿಯೊಂದು ಇಂಗ್ಲೀಷ್ ಮಾತಿನ ಮೇಲೂ ಕನ್ನಡ ಅಕ್ಷರಗಳಲ್ಲಿ ಉಚ್ಚಾರಣೆ ಬರೆದಿದ್ದಿತು, ಅದೂ ಬಹಳ ಕಡೆ ತಪ್ಪಾಗಿ. ಪುಟ ತಿರುವಿದಂತೆ ಕನ್ನಡ ಅಕ್ಷರಗಳು ವಿರಳವಾಗುತ್ತ ಹೋಗಿ, ಪುಸ್ತಕದ ಕೊನೆಯಲ್ಲಿ ಒಂದೂ ಉಳಿದಿರಲಿಲ್ಲ. ಒಂದು ಪುಟದಲ್ಲಿ ‘ಪ್ಟೆರಿಡೊಫೈಟ’ ಎಂದೇ ಬರೆದು, ಬಳಿಕ ಮೊದಲಕ್ಷರವನ್ನು ಹೊಡೆದುಹಾಕಿದ್ದುದು ಕಾಣಿಸಿತು. ಆ ಹೊಡೆದ ಗೆರೆಯನ್ನು ಹುಡುಗಿ ಬಹಳ ಹೊತ್ತು ನೋಡುತ್ತ ಕುಳಿತಳು. ಕಾರಂತರಿಂದಲೂ ಅಡಿಗರಿಂದಲೂ ಆಗದ ಕೆಲಸವನ್ನು ಅದು ಮಾಡಿತು. ಆ ಹೊತ್ತಿಗೆ ಆಕೆಯ ತುಟಿಯ ಮೇಲೆ ನಗು ಬಂದಿತ್ತು; ಈ ಸಲ ನಕ್ಕವಳು ತಾನೇ.

ಅರ್ಜಿ ಹರಿದುಹೋಯಿತೆಂದು ಹೇಳುವಂತಿಲ್ಲ. ತಾಯಿ ಅದನ್ನು ಅಕ್ಕಿಡಬ್ಬಿಯ ಮೇಲಿನ ಹಲಗೆಯಲ್ಲಿ ಎತ್ತಿಟ್ಟರು. ಒಂದು ತಿಂಗಳು ನೋಡುವುದು, ಅನಂತರ ಮಗಳು ಕೇಳಿದರೆ ಮಾತನಾಡದೆ ಸಹಿ ಹಾಕುವುದು ಎಂದು ಒಪ್ಪಂದವಾಯಿತು. ಹುಡುಗಿ ದಿನಕ್ಕೆ ಎರಡು ಪುಟದಂತೆ ಮೊದಲು ಹಳೆಯ ಪಾಠವನ್ನೂ, ಅನಂತರ ಹೊಸ ಪಾಠವನ್ನೂ ಓದುತ್ತ ಬಂದಳು. ಒಂದೊಂದು ಪುಟದ ಕೆಳಗೂ ಚುಕ್ಕಿಗಳ ಲೆಕ್ಕ ಬರೆದಿಟ್ಟಳು. ಅದು ಏರಿತು, ಇಳಿಯಿತು, ಮತ್ತೆ ಏರಿತು; ಆದರೂ ತಿಂಗಳ ಕೊನೆಗೆ ನೋಡಿದರೆ ಮೂವತ್ತರ ಆಸುಪಾಸಿನಿಂದ ಹದಿನೈದರ ಆಸುಪಾಸಿಗೆ ಬಂದಿತ್ತು. ಮೊದಲ ಕಿರುಪರೀಕ್ಷೆಯಲ್ಲಿ ಅಂಕಗಳು ಹೇಳಿಕೊಳ್ಳುವಂತೆ ಬರಲಿಲ್ಲ. ಎರಡನೆಯದರಲ್ಲಿ ತೇರ್ಗಡೆಯಾದಳು, ಅಷ್ಟೇ. ಪವಾಡವೇನೂ ನಡೆಯಲಿಲ್ಲ. ಆದರೆ ಈಗ ಅಂಕ ಕಡಿಮೆಯಾದರೆ ಎಲ್ಲಿ ಎಡವಿದೆನೆಂದು ಆಕೆ ಹುಡುಕುತ್ತಾಳೆ. ತಾನು ಎಂಥವಳೆಂದು ಹುಡುಕುವುದಿಲ್ಲ.

ಮಳೆ ಸ್ವಲ್ಪ ಹಿಂದೆಗೆದ ಒಂದು ಸಂಜೆ ಆಕೆ ಬಾವಿಕಟ್ಟೆಯಲ್ಲಿ ಕುಳಿತು ಓದುತ್ತಿದ್ದಳು. ಮುರಕಲ್ಲಿನ ಸಂದುಗಳಲ್ಲಿ ಜರಿಗಿಡಗಳು ಸೊಂಪಾಗಿ ಹಬ್ಬಿದ್ದುವು. ನೀರು ಸೇದಲು ಬಂದ ತಾಯಿ, ಹಲಗೆಯ ಮೇಲಿನ ಕಾಗದದ ನೆನಪಾಗಿ, “ಎಂತ ಮಗಾ, ಆತಾ ಓದುಕೆ?” ಎಂದು ಕೇಳಿದರು. ಹುಡುಗಿ ಒಂದು ಎಲೆಯನ್ನು ಮಗುಚಿ, ಬೆನ್ನ ಮೇಲೆ ಸಾಲಾಗಿದ್ದ ಕಂದುಚುಕ್ಕಿಗಳನ್ನು ಪುಸ್ತಕದ ಚಿತ್ರದೊಡನೆ ಹೋಲಿಸುತ್ತಿದ್ದಳು. ತಲೆಯೆತ್ತದೆಯೇ ಉತ್ತರ ಕೊಟ್ಟಳು:

“ಓದಿ ಕಾಂಬ ಅಮ್ಮ.”